ಗಂಡು ಹೆಣ್ಣಿನ ಕಟ್ಟುಪಾಡುಗಳನ್ನು ನಾಟಕ ಹೇಗೆ ಪ್ರಶ್ನಿಸುತ್ತದೆ?

ಗಂಡು ಹೆಣ್ಣಿಗೆ ಸಮಾಜ ಹಾಕಿಕೊಟ್ಟ ಕಟ್ಟುಪಾಡುಗಳನ್ನು ನಾಟಕವು ನಿಜವಾಗಿ ಅಲುಗಾಡಿಸಬಲ್ಲುದೇ ಎಂದು ಕೇಳಿದ್ದೀರಿ. ಅಲುಗಾಡಿಸಬಲ್ಲುದೆಂದೇ ನಾನು ನಂಬಿದ್ದೇನೆ. ಗಿರೀಶ ಕಾರ್ನಾಡರು 1988ರಲ್ಲಿ ಬರೆದ ‘ನಾಗಮಂಡಲ’ವನ್ನು ಆಧಾರವಾಗಿಟ್ಟುಕೊಂಡು ಉತ್ತರಿಸುತ್ತೇನೆ.

ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿಹಾಕಿ, ಬೀಗ ಹಾಕಿಕೊಂಡು ಪರಸ್ತ್ರೀಯ ಬಳಿಗೆ ಹೋಗುತ್ತಾನೆ. ಮಧ್ಯಾಹ್ನದ ಊಟಕ್ಕಷ್ಟೇ ಮರಳುತ್ತಾನೆ. ರಾತ್ರಿ ಅವನದೇ ರೂಪ ತಾಳಿ ನಾಗ ಬರುತ್ತದೆ. ರಾಣಿ ಬಸುರಾದಾಗ ಪಂಚಾಯಿತಿ ಅವಳನ್ನು ಮಾತ್ರ ಪ್ರಮಾಣಕ್ಕೆ ನಿಲ್ಲಿಸುತ್ತದೆ; ಅಪ್ಪಣ್ಣ ರಾತ್ರಿಗಳನ್ನು ಎಲ್ಲಿ ಕಳೆದನೆಂದು ಯಾರೂ ಕೇಳುವುದಿಲ್ಲ. ಅವಳು ಹುತ್ತಕ್ಕೆ ಕೈಹಾಕಿ ಹಾವನ್ನು ಹಿಡಿದು, ಗಂಡನನ್ನೂ ಈ ಹಾವನ್ನೂ ಬಿಟ್ಟು ಇನ್ನಾರನ್ನೂ ಮುಟ್ಟಿಲ್ಲವೆಂದು ನುಡಿಯುತ್ತಾಳೆ. ಆ ಮಾತು ಅಕ್ಷರಶಃ ಸತ್ಯ. ಹಾವು ಕಚ್ಚುವುದಿಲ್ಲ, ಊರು ಅವಳನ್ನು ದೇವಿಯೆಂದು ಕಾಲಿಗೆ ಬೀಳುತ್ತದೆ.

ಇಲ್ಲಿ ಊರಿಗೆ ಗೊತ್ತಿಲ್ಲದ್ದು ಪ್ರೇಕ್ಷಕರಿಗೆ ಗೊತ್ತಿರುತ್ತದೆ, ಮತ್ತು ನನ್ನ ಮಟ್ಟಿಗೆ ನಾಟಕದ ಶಕ್ತಿಯೆಲ್ಲ ಅಡಗಿರುವುದು ಅಲ್ಲಿಯೇ. ಪಾತಿವ್ರತ್ಯದ ಕುರಿತು ಊರಿನಂತೆಯೇ ಯೋಚಿಸುವ ಗೃಹಸ್ಥರೂ ಆ ಗಳಿಗೆಯಲ್ಲಿ ಹಾವು ಕಚ್ಚದಿರಲೆಂದು ಹಾರೈಸುತ್ತಾರೆ, ಅಂದರೆ ತಮ್ಮದೇ ನಿಯಮದ ವಿರುದ್ಧ ರಾಣಿಯ ಪಕ್ಷ ವಹಿಸುತ್ತಾರೆ. ಗಂಡನನ್ನೂ ನಾಗನನ್ನೂ ಒಬ್ಬನೇ ನಟ ಆಡುವುದರಿಂದ, ಹಗಲು ಗದರಿಸಿದ ದನಿಯೇ ರಾತ್ರಿ ಅಕ್ಕರೆಯಿಂದ ಮಾತನಾಡುವುದನ್ನು ಕೇಳುತ್ತೇವೆ. ಗಂಡಸುತನವೆಂದರೆ ಒರಟುತನವೇ ಆಗಬೇಕಿಲ್ಲವೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.

ನಾರ್ವೆಯ ನಾಟಕಕಾರ ಇಬ್ಸೆನ್ನನ 1879ರ ‘ಗೊಂಬೆ ಮನೆ’ಯಲ್ಲಿ ನಾಯಕಿ ನೋರಾ ಗಂಡನ ಮನೆ ಬಿಟ್ಟು ನಡೆಯುತ್ತಾಳೆ. ಜರ್ಮನಿಯ ರಂಗಭೂಮಿ ಅದನ್ನು ಒಪ್ಪದೆ, ಅವಳು ಮಕ್ಕಳಿಗಾಗಿ ಮನೆಯಲ್ಲೇ ಉಳಿಯುವ ಇನ್ನೊಂದು ಮುಕ್ತಾಯವನ್ನು ಇಬ್ಸೆನ್ನನಿಂದಲೇ ಬರೆಸಿಕೊಂಡಿತು. ರಾಣಿ ಮನೆ ಬಿಡುವುದಿಲ್ಲ, ದೇವಿಯ ಪಟ್ಟದಲ್ಲಿ ಮತ್ತೆ ಕಟ್ಟಿಹಾಕಲ್ಪಡುತ್ತಾಳೆ ಎಂಬ ಆಕ್ಷೇಪದಲ್ಲಿ ಹುರುಳಿದೆಯೆಂದು ಒಪ್ಪುತ್ತೇನೆ. ಆದರೂ ನಾಟಕದ ಕೊನೆಗೆ ನಾಗ ಸತ್ತಾಗ, ಆ ಹಾವಿನ ಚಿತೆಗೆ ಮಗನೇ ಬೆಂಕಿಯಿಡಬೇಕು, ವರ್ಷವರ್ಷವೂ ಅದರ ತಿಥಿ ಮಾಡಬೇಕು ಎಂದು ಅವಳು ಪಟ್ಟುಹಿಡಿಯುವುದನ್ನು ಗಮನಿಸಿ. ತಂದೆಗೆ ಸಲ್ಲುವ ಕರ್ಮವದು, ತಾನಿನ್ನೂ ಬದುಕಿದ್ದೇನಲ್ಲ ಎಂದು ಅಪ್ಪಣ್ಣ ತಡವರಿಸುತ್ತಾನೆ, ಕೊನೆಗೆ ಒಪ್ಪುತ್ತಾನೆ. ಗೃಹಿಣಿಯಾಗಿಯೇ ಉಳಿದ ರಾಣಿ, ಮಗನ ತಂದೆ ಯಾರೆಂಬುದನ್ನು ಗಂಡನ ಕೈಯಿಂದಲೇ ಶಾಸ್ತ್ರೋಕ್ತವಾಗಿ ಒಪ್ಪಿಸಿಕೊಳ್ಳುತ್ತಾಳೆ.