ಅವನು ಕುತ್ತಿಗೆ ಒತ್ತಿದ, ಆಮೇಲೆ ಸಾರಿ ಅಂದ

ಪ್ರಶ್ನೆ: ಅಕ್ಕಾ, ನನಗೆ 17 ವರ್ಷ, ಪ್ಲಸ್ ಟು. ನಾನು ಪ್ರೀತಿಸುವ ಹುಡುಗನಿಗೆ 21. ಬಸ್ ಹತ್ತಿದ ಕೂಡಲೇ ಲೊಕೇಶನ್ ಕಳಿಸಬೇಕು, ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಅವನಿಗೆ ಗೊತ್ತಿರಬೇಕು. ಹೋದ ವಾರ ಕ್ಲಾಸಿನ ಹುಡುಗನೊಬ್ಬನಿಗೆ ನೋಟ್ಸ್ ಕಳಿಸಿದೆ ಅಂತ ಸಿಟ್ಟಲ್ಲಿ ಕುತ್ತಿಗೆ ಒತ್ತಿದ, ಆಮೇಲೆ ಅತ್ತು ಸಾರಿ ಕೇಳಿದ. ಬಿಟ್ಟರೆ ನನ್ನ ಫೋಟೋ ಅಪ್ಪನಿಗೆ ಕಳಿಸುತ್ತಾನಂತೆ. ನಿದ್ದೆಯಿಲ್ಲ, ಹೊಟ್ಟೆನೋವು, ಮುಟ್ಟು ಏರುಪೇರು. ಅಮ್ಮ ಪರೀಕ್ಷೆ ಟೆನ್ಶನ್ ಅಂದುಕೊಂಡಿದ್ದಾರೆ. ಏನು ಮಾಡಲಿ?
- ಹೆಸರು ಬೇಡ, ಕಾಸರಗೋಡು ಜಿಲ್ಲೆ

ಉತ್ತರ: ತಂಗೀ, ಮೊದಲು ಕುತ್ತಿಗೆಯ ವಿಷಯ, ಉಳಿದದ್ದು ಆಮೇಲೆ. ಇವತ್ತೇ ಡಾಕ್ಟರಿಗೆ ತೋರಿಸು. ಹೊರಗೆ ಒಂದು ಗೆರೆಯೂ ಕಾಣದೆ ಒಳಗೆ ರಕ್ತನಾಳಕ್ಕೆ ಪೆಟ್ಟಾಗಿರಬಹುದು, ಅಪರೂಪಕ್ಕೆ ಕೆಲವು ದಿನ ಕಳೆದು ಸ್ಟ್ರೋಕ್ ಆಗುವುದೂ ಉಂಟು. ಸ್ವರ ಒಡೆದಿದೆಯಾ, ನುಂಗುವಾಗ ನೋವಾ, ತಲೆಸುತ್ತು ಇದೆಯಾ, ಅವತ್ತು ಕಣ್ಣು ಕತ್ತಲೆ ಬಂದಿತ್ತಾ, ಎಲ್ಲ ಹೇಳು. ಸುಮ್ನೆ ‘ಜಾರಿ ಬಿದ್ದೆ’ ಅನ್ನಬೇಡ. ದೇಹ ಸಂಪರ್ಕ ಆಗಿದ್ದರೆ ಅದನ್ನೂ ಹೇಳು, ಮುಟ್ಟು ಏರುಪೇರಾದದ್ದಕ್ಕೆ ಗರ್ಭದ ಟೆಸ್ಟ್ ಬೇಕಾಗಬಹುದು.

ಫೋನ್ ಸದ್ದಾದಾಗೆಲ್ಲ ಬೆಚ್ಚಿಬೀಳುವ ಮೈಗೆ ನಿದ್ದೆ ಎಲ್ಲಿಂದ ಬರಬೇಕು? ಹೊಟ್ಟೆ, ಮುಟ್ಟು ಎಲ್ಲಕ್ಕೂ ಆ ಹೆದರಿಕೆ ತಟ್ಟುತ್ತದೆ. ನೀನೊಬ್ಬಳೇ ಅಲ್ಲ. ಸಂಬಂಧದಲ್ಲಿದ್ದ 15ರಿಂದ 19 ವರ್ಷದ ಹುಡುಗಿಯರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬಳಿಗೆ ಸಂಗಾತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಆಗಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೇಳಿತು. ‘ಪ್ರೀತಿ ಜಾಸ್ತಿ, ಅದಕ್ಕೇ ಸಿಟ್ಟು’ ಅನ್ನುವ ಗೆಳತಿಯರ ಮಾತು ನನಗಂತೂ ಕೇಳಿ ಕೇಳಿ ಸಾಕಾಗಿದೆ. ಅವನಿಗೆ ಅಷ್ಟೇ ಸಿಟ್ಟು ಅವನ ಬಾಸ್ ಮೇಲೂ ಬರುತ್ತದೆ, ಅಲ್ಲಿ ಕೈ ಏಳುವುದಿಲ್ಲ, ಅಲ್ವಾ?

ಫೋಟೋ ಬೆದರಿಕೆಯ ಮೆಸೇಜ್ ಅಳಿಸಬೇಡ, ಸ್ಕ್ರೀನ್‌ಶಾಟ್ ತೆಗೆದಿಡು. ಸೈಬರ್ ದೂರಿಗೆ 1930. ಅಮ್ಮನಿಗೆ ನೀನೇ ಮೊದಲು ಹೇಳಿಬಿಟ್ಟರೆ ಆ ಬೆದರಿಕೆಯ ಅರ್ಧ ಬಲ ಹೋಯಿತು. ಬೈಗುಳ ಬೀಳಬಹುದು, ಬೀಳಲಿ. ಅಮ್ಮನಿಗೆ ಹೇಳಲು ಬಾಯಿ ಬರದಿದ್ದರೆ ಚಿಕ್ಕಮ್ಮನೋ ಶಾಲೆಯ ಕೌನ್ಸಿಲರೋ ಆಗಬಹುದು. ಮಲಯಾಳಂನಲ್ಲಿ ಇದನ್ನೆಲ್ಲ ಹೇಳುವುದು ಕಷ್ಟ ಅನಿಸಿದರೆ ನಂಬಿಕೆಯ ಕನ್ನಡ ಟೀಚರನ್ನು ಜೊತೆಗೆ ಕರೆದುಕೋ. ಒಂದು ಮಾತು ಮೊದಲೇ ಗೊತ್ತಿರಲಿ: ನಿನಗೆ 18 ಆಗಿಲ್ಲ, ಹಾಗಾಗಿ ಲೈಂಗಿಕ ವಿಷಯ ಇದ್ದರೆ ಪೋಕ್ಸೋ ಕಾಯ್ದೆಯಂತೆ ಡಾಕ್ಟರಾಗಲಿ ಕೌನ್ಸಿಲರಾಗಲಿ ಪೊಲೀಸರಿಗೆ ತಿಳಿಸಲೇಬೇಕು.

‘ಕೊನೆಯ ಸಲ ಮಾತಾಡೋಣ, ಬಾ’ ಅಂದರೆ ಹೋಗಬೇಡ. ಬಿಟ್ಟುಹೋಗುವ ಹೊತ್ತಿಗೇ ಇಂಥವರು ಹೆಚ್ಚು ಕೆರಳುವುದು. ಪಾಸ್‌ವರ್ಡ್ ಬದಲಿಸುವುದು, ಲೊಕೇಶನ್ ಆಫ್ ಮಾಡುವುದು ಕೂಡ ಮನೆಯವರಿಗೆ ತಿಳಿಸಿದ ಮೇಲೆ ಮಾಡು. ಮಕ್ಕಳ ಸಹಾಯವಾಣಿ 1098ಕ್ಕೆ ರಾತ್ರಿಯೂ ಫೋನ್ ಮಾಡಬಹುದು. ದಾರಿಯಲ್ಲಿ ಅಡ್ಡಗಟ್ಟಿದರೆ ನೇರ 112.