ತಲೆನೋವಿಲ್ಲ, ತಲೆಸುತ್ತಿಲ್ಲ, ಆದ್ರೂ ಬಿಪಿ ಇದೆಯಂತೆ!

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಪಿಯವೇ. ಹಾಗಾಗಿ ಮಂಡಿನೋವು, ಕೂದಲು ಉದುರುವ ಸಮಸ್ಯೆ ಎಲ್ಲ ಮುಂದಿನ ಸಂಚಿಕೆಗೆ. ಒಂದೇ ತರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ, ನಿಮ್ಮ ಪತ್ರ ಕಾಣದಿದ್ದರೆ ಬೇಜಾರು ಬೇಡ.

ಪ್ರಶ್ನೆ: ನನಗೆ 46 ವರ್ಷ. ಹೊಸ ಕೆಲಸಕ್ಕೆ ಸೇರುವಾಗ ಮಾಡಿಸಿದ ಚೆಕಪ್‌ನಲ್ಲಿ ಬಿಪಿ 158/98 ಬಂತು. ತಲೆನೋವಿಲ್ಲ, ತಲೆಸುತ್ತಿಲ್ಲ, ಮೂರು ಮಹಡಿ ಏದುಸಿರಿಲ್ಲದೆ ಹತ್ತುತ್ತೇನೆ. ಏನೂ ತೊಂದರೆ ಇಲ್ಲದವನಿಗೆ ಕಾಯಿಲೆ ಅಂದ್ರೆ ನಂಬೋದು ಹೇಗೆ ಡಾಕ್ಟ್ರೇ?

ಉತ್ತರ: ನಿಮ್ಮ ಅನುಮಾನ ಸಹಜ. ಆದ್ರೆ ಬಿಪಿ ವಿಷಯದಲ್ಲಿ ಮೈ ಹೇಳೋದನ್ನು ನಂಬೋಕಾಗಲ್ಲ, ಮೀಟರ್ ಹೇಳೋದನ್ನೇ ನಂಬಬೇಕು. ಕುತ್ತಿಗೆಯ ರಕ್ತನಾಳದಲ್ಲಿ ಒತ್ತಡವನ್ನು ಗಮನಿಸುವ ನರದ ತುದಿಗಳಿವೆ. ಒತ್ತಡ ಏರಿದರೆ ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಆದರೆ ಒತ್ತಡ ದಿನಾ ಜಾಸ್ತಿಯೇ ಇದ್ದರೆ ಅವೂ ಅದಕ್ಕೆ ಒಗ್ಗಿಹೋಗಿ, ಇದೇ ಮಾಮೂಲಿ ಅಂದುಕೊಂಡು ಸುಮ್ಮನಾಗಿಬಿಡುತ್ತವೆ. ರೈಲು ಹಳಿಯ ಪಕ್ಕ ಮನೆ ಮಾಡಿದವರಿಗೆ ಸ್ವಲ್ಪ ದಿನವಾದ ಮೇಲೆ ರೈಲಿನ ಸದ್ದೇ ಕೇಳಿಸೋದಿಲ್ಲವಲ್ಲ, ಹಾಗೆ.

ಎರಡು ನಂಬರ್ ಯಾಕೆ ಅಂತ ಬೇರೆ ಕೆಲವರು ಕೇಳಿದ್ದಾರೆ. ಹೃದಯ ಹಿಂಡಿಕೊಂಡು ರಕ್ತ ತಳ್ಳಿದಾಗ ನಾಳದ ಗೋಡೆ ಮೇಲೆ ಬೀಳುವ ಒತ್ತಡ ಮೇಲಿನದು. ಹೃದಯ ಸಡಿಲಗೊಂಡು ಮತ್ತೆ ತುಂಬಿಕೊಳ್ಳುವಾಗಿನದು ಕೆಳಗಿನದು. ಲೆಕ್ಕ ಪಾದರಸದ ಮಿಲಿಮೀಟರ್‌ನಲ್ಲಿ. 158 ಅಂದ್ರೆ ಅಷ್ಟು ಎತ್ತರದ ಪಾದರಸದ ಕಂಬವನ್ನು ಎತ್ತಿ ಹಿಡಿಯುವ ಒತ್ತಡ. ಪಾದರಸ ನೀರಿಗಿಂತ ಹದಿಮೂರೂವರೆ ಪಟ್ಟು ಭಾರ, ಹಾಗಾಗಿ ನೀರಿನ ಲೆಕ್ಕದಲ್ಲಿ ಅದು ಎರಡು ಮೀಟರ್‌ಗೂ ಜಾಸ್ತಿ! ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯ ರಕ್ತನಾಳಕ್ಕೆ ಹಿತ್ತಾಳೆಯ ನಳಿಗೆ ಸೇರಿಸಿ, ಅದರ ಮೇಲೆ ಗಾಜಿನ ಕೊಳವೆ ನಿಲ್ಲಿಸಿ ನೋಡಿದ್ದರು. ರಕ್ತ ಎಂಟಡಿಗೂ ಮೇಲೆ ಏರಿತು ಅಂತ 1733ರಲ್ಲಿ ಬರೆದಿದ್ದಾರೆ. ಪಾಪದ ಕುದುರೆ. ಆ ರಭಸವನ್ನು ನಿಮ್ಮ ನಾಳಗಳು ದಿನಕ್ಕೆ ಸುಮಾರು ಒಂದು ಲಕ್ಷ ಸಲ ತಡೆದುಕೊಳ್ಳುತ್ತವೆ.

ಹಾಗಂತ ಒಂದೇ ಅಳತೆಗೆ ನಿಮಗೆ ಬಿಪಿ ಕಾಯಿಲೆ ಅಂತ ಹಣೆಪಟ್ಟಿ ಹಚ್ಚೋದು ಬೇಡ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕಾಯಿಲೆ. ಅಮೆರಿಕದ ತಜ್ಞರು 2017ರಲ್ಲಿ ಈ ಗೆರೆಯನ್ನು 130/80ಕ್ಕೆ ಇಳಿಸಿದರು. ನಿಮ್ಮ 158 ಎರಡೂ ಗೆರೆ ದಾಟಿದೆ, ಆದ್ದರಿಂದ ಸುಮ್ನೆ ಬಿಡುವಂತಿಲ್ಲ. ಮತ್ತೆ ನೋಡಿಸಿ. ಏನೂ ಗೊತ್ತಾಗದೆ ಓಡಾಡುವವರಲ್ಲಿ ನೀವೊಬ್ಬರೇ ಅಲ್ಲ, ಬಿಪಿ ಇರುವ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಅದು ಇದೆ ಅಂತಲೇ ತಿಳಿದಿಲ್ಲ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಪ್ರಶ್ನೆ: ಮನೆಯ ಮೆಷಿನ್‌ನಲ್ಲಿ 132, ಕ್ಲಿನಿಕ್‌ನಲ್ಲಿ 160. ಮೆಷಿನ್ ಸುಳ್ಳು ಹೇಳ್ತಿದೆಯಾ, ಕ್ಲಿನಿಕ್‌ನವರಾ?

ಉತ್ತರ: ಎರಡೂ ನಿಜ ಇರಬಹುದು. ಎರಡೂ ತಪ್ಪೂ ಇರಬಹುದು! ಮೊನ್ನೆ ಒಬ್ಬರು ಮೆಟ್ಟಿಲು ಹತ್ತಿಕೊಂಡು ಬಂದವರೇ ಕುರ್ಚಿಯ ತುದಿಯಲ್ಲಿ ಕೂತು ಕೈ ಚಾಚಿದರು. ಶರ್ಟಿನ ತೋಳನ್ನು ಬಿಗಿಯಾಗಿ ಮೇಲಕ್ಕೆ ಮಡಚಿದ್ದರು, ಇನ್ನೊಂದು ಕೈಯಲ್ಲಿ ಫೋನು, ಕಾಲ ಮೇಲೆ ಕಾಲು. ಪಟ್ಟಿಗೆ ಗಾಳಿ ತುಂಬುತ್ತಿರುವಾಗಲೇ 'ಟ್ರಾಫಿಕ್ ನೋಡಿದ್ರಾ ಸಾರ್' ಅಂತ ಶುರು ಮಾಡಿದರು. 168 ಬಂತು. ಫೋನು ಕೆಳಗಿಡಿಸಿ, ಬಾತ್‌ರೂಮಿಗೆ ಹೋಗಿಬರಲು ಹೇಳಿ, ಬೆನ್ನು ಒರಗಿಸಿ ಐದು ನಿಮಿಷ ಸುಮ್ಮನೆ ಕೂರಿಸಿದೆ. ತೋಳು ಬಿಚ್ಚಿಸಿ ಮತ್ತೆ ನೋಡಿದರೆ 142. ಔಷಧಿ ಕೊಟ್ಟಿಲ್ಲ, ಏನಿಲ್ಲ. 26 ಪಾಯಿಂಟ್ ಬರೀ ಕೂರುವ ರೀತಿಯದ್ದು.

ಮನೆಯಲ್ಲೂ ಹಾಗೇ ಮಾಡಿ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಸಿಗರೇಟು ಬೇಡ. ಪಾದ ಎರಡೂ ನೆಲದ ಮೇಲಿರಲಿ. ಪಟ್ಟಿಯನ್ನು ಬರಿ ತೋಳಿಗೆ ಕಟ್ಟಿ. ಕೈಯನ್ನು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ ಬರುವಂತೆ ಇಡಿ, ಯಾಕಂದ್ರೆ ಇದೂ ನೀರಿನ ಕೊಳವೆಯ ಲೆಕ್ಕವೇ, ತೋಳು ಹೃದಯಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗಿದ್ದರೆ ಏಳೆಂಟು ಪಾಯಿಂಟ್ ಸುಮ್ಮಸುಮ್ಮನೆ ಜಾಸ್ತಿ ತೋರಿಸುತ್ತದೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೂ ಜಾಸ್ತಿ ಬರುತ್ತದೆ, ಬಹಳ ಜನ ಇದನ್ನು ನೋಡುವುದೇ ಇಲ್ಲ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ಬೆಳಗ್ಗೆ ಮಾತ್ರೆ ನುಂಗುವ ಮೊದಲು ಒಮ್ಮೆ, ಸಂಜೆ ಒಮ್ಮೆ, ಹೀಗೆ ಒಂದು ವಾರ. ಚೆನ್ನಾಗಿ ಬಂದದ್ದನ್ನು ಮಾತ್ರ ಬರೆಯಬೇಡಿ ಮಾರಾಯ್ರೆ, ಆ ಪುಸ್ತಕದಿಂದ ನನಗೂ ಉಪಯೋಗವಿಲ್ಲ, ನಿಮಗೂ ಇಲ್ಲ.

ವಾರದ ಸರಾಸರಿ 135/85ಕ್ಕಿಂತ ಕೆಳಗಿದ್ದು, ಡಾಕ್ಟರ ಮುಂದೆ ಮಾತ್ರ ಏರಿದರೆ ಅದು ಬಿಳಿ ಕೋಟಿನ ಬಿಪಿ, ಅಂದ್ರೆ ನಮ್ಮನ್ನು ಕಂಡ ಗಾಬರಿಯದ್ದು. ಸದ್ಯಕ್ಕೆ ಮಾತ್ರೆ ಬೇಕಾಗದೇ ಇರಬಹುದು, ಆದರೆ ಆಗಾಗ ನೋಡಿಕೊಳ್ಳುತ್ತಿರಬೇಕು. ಇದರ ಉಲ್ಟಾ ಇನ್ನೂ ಕಷ್ಟದ್ದು. ಕ್ಲಿನಿಕ್‌ನಲ್ಲಿ ನಾರ್ಮಲ್, ಮನೆಯಲ್ಲಿ ಜಾಸ್ತಿ. ಮನೆಯಲ್ಲಿ ಅಳೆಯದೆ ಅದು ಸಿಕ್ಕಿಬೀಳುವುದೇ ಇಲ್ಲ.

ಪ್ರಶ್ನೆ: ಬಿಪಿ ಅಂದ್ರೆ ಹಾರ್ಟಿಗೆ ಕೆಟ್ಟದ್ದು ಅಂತ ಗೊತ್ತು. ನನ್ನ ಡಾಕ್ಟರು ಮೂತ್ರ ಪರೀಕ್ಷೆ, ಕಣ್ಣಿನ ಪರೀಕ್ಷೆ ಎರಡೂ ಬರೆದಿದ್ದಾರೆ. ದುಡ್ಡು ಮಾಡೋಕಾ?

ಉತ್ತರ: ಅಲ್ಲ. ನಿಮ್ಮ ಡಾಕ್ಟರು ಕೆಲಸ ಸರಿಯಾಗಿ ಮಾಡುತ್ತಿದ್ದಾರೆ. ಒತ್ತಡ ಒಂದೇ ಜಾಗಕ್ಕೆ ಬೀಳುವುದಲ್ಲ, ರಕ್ತನಾಳ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬೀಳುತ್ತದೆ.

ಕಣ್ಣಿನಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಮೈ ಕೊಯ್ಯದೆ ಸಣ್ಣ ರಕ್ತನಾಳಗಳನ್ನು ಕಣ್ಣಾರೆ ನೋಡಲು ಸಿಗುವ ಜಾಗ ಅದು. ಪಾಪೆ ಅಗಲ ಮಾಡುವ ಹನಿ ಹಾಕಿ, ದೀಪ ಬಿಟ್ಟು ಒಳಗೆ ನೋಡಿದರೆ ಕಿತ್ತಳೆ ಬಣ್ಣದ ಪರದೆ ಕಾಣುತ್ತದೆ. ಅದರ ಮೇಲೆ ಎರಡು ತರದ ಗೆರೆಗಳು: ತೆಳ್ಳಗಿನ, ಹೊಳೆಯುವ ಕೆಂಪು ನಾಳ ಒಂದು, ಸ್ವಲ್ಪ ದಪ್ಪದ, ಕಪ್ಪುಗೆಂಪು ಬಣ್ಣದ್ದು ಇನ್ನೊಂದು. ಬಿಪಿ ಹಳೆಯದಾದವರಲ್ಲಿ ತೆಳ್ಳಗಿನದು ಇನ್ನೂ ಸಣ್ಣಗಾಗಿ ಗಟ್ಟಿಯಾಗಿರುತ್ತದೆ. ಅದು ದಪ್ಪ ನಾಳವನ್ನು ಅಡ್ಡ ದಾಟುವ ಕಡೆ, ಮೆದು ಪೈಪಿನ ಮೇಲೆ ಬೆರಳಿಟ್ಟು ಒತ್ತಿದ ಹಾಗೆ, ಕೆಳಗಿನ ನಾಳ ಚಿವುಟಿದಂತೆ ಕಾಣುತ್ತದೆ. ಜೋರಾಗಿದ್ದರೆ ಅಲ್ಲಲ್ಲಿ ರಕ್ತದ ಸಣ್ಣ ಕಲೆ. ರೋಗಿಗೆ ದೃಷ್ಟಿ ಚೆನ್ನಾಗಿಯೇ ಇರುತ್ತದೆ, ನೋಡುವ ಡಾಕ್ಟರಿಗೆ ಮಾತ್ರ ಗೊತ್ತಾಗುತ್ತದೆ, ಇಂಥದ್ದೇ ಕಿಡ್ನಿಯಲ್ಲೂ ಮಿದುಳಿನಲ್ಲೂ ನಡೆಯುತ್ತಿರಬಹುದು ಅಂತ.

ಕಿಡ್ನಿಯಲ್ಲಿ ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ಸೋಸುವ ಗೊಂಚಲುಗಳಿವೆ, ಎಲ್ಲ ಕೂದಲೆಳೆಗಿಂತ ತೆಳುವಾದ ನಾಳಗಳು. ಒತ್ತಡಕ್ಕೆ ಅವು ಒಂದೊಂದೇ ಹಾಳಾಗುತ್ತವೆ, ಮೂತ್ರದಲ್ಲಿ ಪ್ರೋಟೀನ್ ಸೋರಲು ಶುರುವಾಗುತ್ತದೆ. ಮೂತ್ರ ಪರೀಕ್ಷೆ ಅದಕ್ಕೇ. ಕಿಡ್ನಿ ಕೆಟ್ಟರೆ ಬಿಪಿ ಮತ್ತೆ ಏರುತ್ತದೆ, ಏರಿದರೆ ಕಿಡ್ನಿ ಇನ್ನಷ್ಟು ಕೆಡುತ್ತದೆ. ಹೃದಯದ ಎಡಗೋಡೆ ಹೊರೆ ಹೊತ್ತು ಹೊತ್ತು ದಪ್ಪಗಾಗುತ್ತದೆ. ಇದು ಜಿಮ್‌ನ ತೋಳಿನ ತರದ ಒಳ್ಳೆಯ ದಪ್ಪ ಅಲ್ಲ, ಬಿರುಸಾಗಿ ಕೊನೆಗೆ ಸೋಲುತ್ತದೆ. ಮಿದುಳಿನಲ್ಲಿ ನಾಳ ಒಡೆಯಬಹುದು, ಕಟ್ಟಿಕೊಳ್ಳಬಹುದು, ಅದನ್ನೇ ನಾವು ಲಕ್ವ ಅನ್ನೋದು. ಗೊತ್ತೇ ಆಗದ ಸಣ್ಣ ಸಣ್ಣ ಲಕ್ವಗಳಾಗಿ ನೆನಪು ಮಂಕಾಗುವುದೂ ಉಂಟು. ಗಂಡಸರಲ್ಲಿ ನಿಮಿರುವಿಕೆಯ ತೊಂದರೆಗೂ ಇದು ಒಂದು ಕಾರಣ. ಅದನ್ನು ಯಾರೂ ಬಾಯಿಬಿಟ್ಟು ಕೇಳೋದಿಲ್ಲ, ಹಾಗಾಗಿ ನಾನೇ ಹೇಳಿದೆ.

ಹತ್ತು ಲಕ್ಷ ಜನರ ಮಾಹಿತಿ ಸೇರಿಸಿ 2002ರಲ್ಲಿ ಒಂದು ಲೆಕ್ಕ ಬಂತು. 40ರಿಂದ 69 ವಯಸ್ಸಿನವರಲ್ಲಿ, 115ರಿಂದ ಮೇಲಕ್ಕೆ ಮೇಲಿನ ನಂಬರ್ 20 ಏರಿದಂತೆಲ್ಲ ಲಕ್ವದಿಂದ, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ 1944ರಲ್ಲಿ 186/108 ಇತ್ತು. ದೇಶದ ಅಧ್ಯಕ್ಷರಿಗೂ ಆಗ ಸಿಕ್ಕಿದ್ದು ವಿಶ್ರಾಂತಿ, ಕಡಿಮೆ ಉಪ್ಪು, ಹೃದಯಕ್ಕೊಂದು ಹಳೆಯ ಔಷಧಿ, ಇಷ್ಟೇ. 1945ರ ಏಪ್ರಿಲ್ 12ರಂದು ತಲೆಯ ಹಿಂಭಾಗ ಸಿಡಿಯುತ್ತಿದೆ ಅಂದರು, ಆಗ ಬಿಪಿ 300/190. ಮಿದುಳಿನಲ್ಲಿ ರಕ್ತಸ್ರಾವವಾಗಿ ಅದೇ ದಿನ ತೀರಿಕೊಂಡರು. ಅವರಿಗೆ ಸಿಗದ ಮಾತ್ರೆ ಇವತ್ತು ಯಾವ ಔಷಧಿ ಅಂಗಡಿಯಲ್ಲೂ ಸಿಗುತ್ತದೆ.

ಪ್ರಶ್ನೆ: ಮೂರು ತಿಂಗಳು ಮಾತ್ರೆ ತಗೊಂಡೆ, 124/80ಕ್ಕೆ ಬಂತು. ವಾಸಿಯಾಯ್ತಲ್ಲ ಅಂತ ನಿಲ್ಲಿಸಿದೆ. ಈಗ ಮತ್ತೆ 150. ಮಾತ್ರೆ ಅಭ್ಯಾಸ ಆಗಿಬಿಡ್ತಾ? ಕಿಡ್ನಿ ಹಾಳಾಗುತ್ತೆ ಅಂತಲೂ ಹೇಳ್ತಾರೆ.

ಉತ್ತರ: 124 ಬಂದದ್ದು ಕಾಯಿಲೆ ಹೋಗಿದ್ದಕ್ಕಲ್ಲ, ಮಾತ್ರೆ ಕೆಲಸ ಮಾಡುತ್ತಿದ್ದುದಕ್ಕೆ. ಕನ್ನಡಕ ಹಾಕಿದಾಗ ಅಕ್ಷರ ಚೆನ್ನಾಗಿ ಕಾಣಿಸಿತು ಅಂತ ಕನ್ನಡಕ ಎಸೆಯೋದಿಲ್ಲ, ಅಲ್ವಾ? ಇದು ಚಟ ಅಲ್ಲ. ಕಿಡ್ನಿಯನ್ನು ಹಾಳು ಮಾಡುವುದು ಹತೋಟಿ ತಪ್ಪಿದ ಬಿಪಿ. ಮಾತ್ರೆ ಅದನ್ನು ಕಾಯುತ್ತದೆ. ಕೆಲವು ಮಾತ್ರೆ ಶುರು ಮಾಡಿದಾಗ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ), ಪೊಟ್ಯಾಸಿಯಂ ನೋಡಬೇಕಾಗುತ್ತದೆ, ಅಷ್ಟೇ. ತೂಕ ಚೆನ್ನಾಗಿ ಇಳಿಸಿಕೊಂಡ ಕೆಲವರಿಗೆ ಡೋಸ್ ಕಡಿಮೆ ಮಾಡಬಹುದು, ಆದರೆ ಅದನ್ನು ನಿಮ್ಮ ಡಾಕ್ಟರು ಅಳೆದು ನೋಡಿ ಮಾಡಬೇಕು. ಅದರಲ್ಲೂ ಬೀಟಾ ಬ್ಲಾಕರ್, ಕ್ಲೋನಿಡಿನ್ ತರದವನ್ನು ಏಕಾಏಕಿ ಬಿಟ್ಟರೆ ಬಿಪಿ ದಿಢೀರ್ ಏರಬಹುದು.

ಮಾತ್ರೆ ಒಗ್ಗದೆ ಬಿಟ್ಟವರೂ ಬರೆದಿದ್ದಾರೆ. ಅಮ್ಲೊಡಿಪಿನ್‌ನಿಂದ ಕಾಲಿನ ಹರಡು ಊದಿಕೊಳ್ಳಬಹುದು. ಎನಾಲಪ್ರಿಲ್, ರಾಮಿಪ್ರಿಲ್ ಗುಂಪಿನವು ಕೆಲವರಿಗೆ ಒಣಕೆಮ್ಮು ತರುತ್ತವೆ. ಕೆಮ್ಮಿಗೆ ಸಿರಪ್ ಕುಡಿಯುತ್ತಾ ತಿಂಗಳುಗಟ್ಟಲೆ ಕಳೆದವರನ್ನು ನೋಡಿದ್ದೇನೆ. ಬಿಡಬೇಡಿ, ಬದಲಾಯಿಸಿಕೊಡಿ ಅಂತ ಕೇಳಿ. ಅಂದಹಾಗೆ ಈ ಗುಂಪಿನ ಮೂಲ ಬ್ರೆಜಿಲ್‌ನ ಒಂದು ಹಾವಿನ ವಿಷ. ಕಚ್ಚಿಸಿಕೊಂಡವರ ಬಿಪಿ ಕುಸಿಯುವುದು ಯಾಕೆ ಅಂತ ಹುಡುಕುತ್ತಾ ಹೋಗಿ, ಕೊನೆಗೆ 1981ರಲ್ಲಿ ಕ್ಯಾಪ್ಟೊಪ್ರಿಲ್ ಅನ್ನುವ ಮಾತ್ರೆಗೆ ಒಪ್ಪಿಗೆ ಸಿಕ್ಕಿತು.

ಇನ್ನೊಂದು ಮಾತು. ಮೈಕೈ ನೋವಿಗೆ ತಾವೇ ಕೊಂಡು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬಿಪಿ ಏರಿಸುತ್ತವೆ. ಕಟ್ಟಿದ ಮೂಗು ಬಿಡಿಸುವ ಕೆಲವು ಶೀತದ ಮಾತ್ರೆಗಳೂ ಅಷ್ಟೇ. ಡಾಕ್ಟರಿಗೆ ತೋರಿಸುವ ಚೀಟಿಯಲ್ಲಿ ಇವನ್ನು ಯಾರೂ ಬರೆಯೋದಿಲ್ಲ.

ಪ್ರಶ್ನೆ: ನಾನು ಟೆನ್ಷನ್ ಮಾಡ್ಕೊಳ್ಳೋ ಪೈಕಿಯೇ ಅಲ್ಲ, ಕೋಪವೂ ಇಲ್ಲ. ನನಗ್ಯಾಕೆ ಬಂತು?

ಉತ್ತರ: ಹೈಪರ್‌ಟೆನ್ಷನ್ ಅನ್ನುವ ಹೆಸರು ಮಾಡಿದ ಅವಾಂತರ ಇದು. ಅಲ್ಲಿ ಟೆನ್ಷನ್ ಅಂದ್ರೆ ನಾಳದ ಬಿಗಿತ, ಮನಸ್ಸಿನದ್ದಲ್ಲ. ಬಹುತೇಕರಲ್ಲಿ ಇದಕ್ಕೇ ಅಂತ ಬೆರಳು ಮಾಡಿ ತೋರಿಸುವ ಒಂದು ಕಾರಣ ಇರುವುದಿಲ್ಲ. ಅಪ್ಪ ಅಮ್ಮನಿಂದ ಬಂದದ್ದು, ವಯಸ್ಸು, ಉಪ್ಪು, ತೂಕ, ಮದ್ಯ, ಕೂತೇ ಇರುವುದು ಎಲ್ಲ ಸೇರಿಕೊಳ್ಳುತ್ತವೆ. ನಿಮಗೆ ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು, ಹಗಲು ತೂಕಡಿಕೆ ಇದೆಯಾ ಅಂತ ಮನೆಯವರನ್ನು ಕೇಳಿ. ನಿದ್ದೆಯಲ್ಲಿ ಉಸಿರು ನಿಲ್ಲುವ ಆ ತೊಂದರೆಯೂ ಬಿಪಿ ಏರಿಸುತ್ತದೆ. 30ರೊಳಗೆ ಬಂದರೆ, ಮೂರು ಮಾತ್ರೆಗೂ ಬಗ್ಗದಿದ್ದರೆ ಕಿಡ್ನಿಯ ನಾಳ, ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಎಲ್ಲ ಪರೀಕ್ಷಿಸಬೇಕು.

ಪ್ರಶ್ನೆ: ತಂದೆಗೆ 74. ಬಿಪಿ 172/74. ವಯಸ್ಸಿಗೆ ನೂರು ಸೇರಿಸಿದರೆ ಅದೇ ನಾರ್ಮಲ್ ಅಂತಾರೆ ಅವರು.

ಉತ್ತರ: ಆ ಸೂತ್ರ ಇನ್ನೂ ಬದುಕಿದೆಯಲ್ಲಪ್ಪ! ವಯಸ್ಸಾದಂತೆ ದೊಡ್ಡ ನಾಳಗಳು ಬಿರುಸಾಗಿ ಮೇಲಿನದು ಏರುತ್ತದೆ, ಕೆಳಗಿನದು ಇಳಿಯುತ್ತದೆ. ಹೀಗಾಗುವುದು ಮಾಮೂಲಿ, ಆದರೆ ಒಳ್ಳೆಯದಲ್ಲ. 80 ದಾಟಿದವರ ಮೇಲೇ ನಡೆದ ದೊಡ್ಡ ಅಧ್ಯಯನ 2008ರಲ್ಲಿ ಪ್ರಕಟವಾಯಿತು, ಅದರಲ್ಲಿ ಚಿಕಿತ್ಸೆ ಪಡೆದವರಲ್ಲಿ ಹಾರ್ಟ್ ಫೇಲ್ಯೂರ್, ಸಾವು ಎರಡೂ ಕಡಿಮೆಯಾದವು. ಆದರೆ ಅವಸರ ಬೇಡ. ಸಣ್ಣ ಡೋಸಿನಿಂದ ಶುರು ಮಾಡಿಸಿ. ನಿಂತಾಗಲೂ ಒಮ್ಮೆ ಬಿಪಿ ನೋಡಿಸಿ, ಹಾಸಿಗೆಯಿಂದ ಎದ್ದಾಗ ಕಣ್ಣು ಕತ್ತಲೆ ಬಂದು ಬಿದ್ದು ಸೊಂಟ ಮುರಿದುಕೊಂಡರೆ ಅದು ಬೇರೆ ಕಷ್ಟ.

ಪ್ರಶ್ನೆ: ಉಪ್ಪು ಪೂರ್ತಿ ಬಿಡಬೇಕಾ?

ಉತ್ತರ: ಬೇಡ. ದಿನಕ್ಕೆ 5 ಗ್ರಾಂ ಒಳಗೆ, ಅಂದ್ರೆ ಒಂದು ಟೀ ಚಮಚಕ್ಕಿಂತ ಕಡಿಮೆ, ಎಲ್ಲ ಸೇರಿ. ಪ್ಯಾಕೆಟ್ ತಿಂಡಿಯೊಳಗಿನದೂ ಲೆಕ್ಕಕ್ಕೆ ಬರುತ್ತದೆ. ಕಲ್ಲುಪ್ಪು, ಗುಲಾಬಿ ಉಪ್ಪು ಎಲ್ಲ ಒಂದೇ, ಬಣ್ಣಕ್ಕೆ ಮೋಸ ಹೋಗಬೇಡಿ. ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಒಳ್ಳೆಯದೇ, ಆದರೆ ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಪ್ರಶ್ನೆ: ಏಳು ತಿಂಗಳ ಬಸುರಿ. ಮೊದಲ ಸಲ 146/94 ಬಂದಿದೆ. ಮುಂದಿನ ಚೆಕಪ್ ಎರಡು ವಾರಕ್ಕಿದೆ, ಕಾಯಲಾ?

ಉತ್ತರ: ಕಾಯಬೇಡಿ ತಾಯಿ, ಇವತ್ತೇ ಹೋಗಿ. ಐದು ತಿಂಗಳ ನಂತರ ಬರುವ ಬಿಪಿಯ ಕಥೆಯೇ ಬೇರೆ, ಮೂತ್ರದಲ್ಲಿ ಪ್ರೋಟೀನ್ ನೋಡಲೇಬೇಕು. ಜೋರು ತಲೆನೋವು, ಕಣ್ಣು ಮಂಜು, ಮೇಲ್ಹೊಟ್ಟೆ ನೋವು, ಮುಖ ಊದುವುದು ಇದ್ದರೆ ಒಂದು ಗಂಟೆಯೂ ತಡ ಮಾಡಬೇಡಿ. ಮನೆಯಲ್ಲಿ ಬೇರೆಯವರು ನುಂಗುವ ಬಿಪಿ ಮಾತ್ರೆ ಖಂಡಿತ ಬೇಡ, ಕೆಲವು ಮಗುವಿಗೆ ಅಪಾಯ.

ಪ್ರಶ್ನೆ: ಹೋದ ವಾರ ರಾತ್ರಿ ಹನ್ನೊಂದಕ್ಕೆ ಅಮ್ಮನ ಬಿಪಿ 190/110 ತೋರಿಸಿತು. ಗಾಬರಿಯಲ್ಲಿ ಎರಡು ಮಾತ್ರೆ ಜಾಸ್ತಿ ಕೊಟ್ಟೆ. ಸರಿ ಮಾಡಿದೆನಾ?

ಉತ್ತರ: ಇಲ್ಲ, ಬೈಯುತ್ತಿಲ್ಲ, ಆದರೆ ಇನ್ನೊಮ್ಮೆ ಹಾಗೆ ಮಾಡಬೇಡಿ. ಮೆಷಿನ್‌ನಲ್ಲಿ 190 ನೋಡಿದ ಭಯಕ್ಕೇ ಇನ್ನೂ ಹತ್ತು ಏರುತ್ತದೆ. ಜಾಸ್ತಿ ಮಾತ್ರೆ ನುಂಗಿಸಿ ಒಮ್ಮೆಲೇ ಇಳಿಸಿದರೆ ಮಿದುಳಿಗೆ ರಕ್ತ ಸಾಲದೆ ಹೋಗಬಹುದು. ಅಮ್ಮ ಆರಾಮಾಗಿ ಮಾತಾಡುತ್ತಿದ್ದರೆ ಮೆಷಿನ್ ಪಕ್ಕಕ್ಕಿಡಿ, ಒಂದೈದು ನಿಮಿಷ ಕೂರಿಸಿ, ಮತ್ತೆ ನೋಡಿ. ಆವತ್ತಿನ ಮಾತ್ರೆ ಮರೆತಿದ್ದಾರಾ ಕೇಳಿ. ಆಮೇಲೂ ಮೇಲಿನದು 180 ಅಥವಾ ಕೆಳಗಿನದು 120 ದಾಟಿಯೇ ಇದ್ದರೆ ಡಾಕ್ಟರಿಗೆ ಆಗಲೇ ಫೋನ್ ಮಾಡಿ.

ಎದೆನೋವು, ಉಸಿರಾಡಲು ಕಷ್ಟ, ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ದಿಢೀರನೆ ಕಣ್ಣು ಕಾಣದಿರುವುದು, ಇವುಗಳಲ್ಲಿ ಒಂದಿದ್ದರೂ ನಂಬರ್ ಎಷ್ಟು ಅಂತ ನೋಡುತ್ತಾ ಕೂರಬೇಡಿ, ಆಂಬುಲೆನ್ಸ್ ಕರೆಸಿ. ಹೊರಡುವಾಗ ಎರಡು ಕೆಲಸ ಮಾಡಿ. ಅಮ್ಮ ನುಂಗುವ ಮಾತ್ರೆಗಳ ಪಟ್ಟಿ ಜೇಬಿಗೆ ಹಾಕಿಕೊಳ್ಳಿ. ಅಮ್ಮ ಕೊನೆಯ ಸಲ ಚೆನ್ನಾಗಿದ್ದುದು ಎಷ್ಟು ಗಂಟೆಗೆ ಅಂತ ಬರೆದುಕೊಳ್ಳಿ. ಲಕ್ವದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಹಾಗಾಗಿ ಆಸ್ಪತ್ರೆಯ ಬಾಗಿಲಲ್ಲೇ ನಿಮ್ಮನ್ನು ಕೇಳುವುದು ಆ ಗಂಟೆಯನ್ನೇ.