ಗ್ರೀಸ್‌ನಲ್ಲಿ ಬಾಡಿಗೆಗೆ ಪಡೆದ ಹಾಯಿದೋಣಿಯಲ್ಲಿ ನೀರು ಎಷ್ಟು ದಿನ ಬರುತ್ತದೆ? ಡೀಸೆಲ್ ಯಾವಾಗ ತುಂಬಿಸಬೇಕು?
ಆರು ಜನರಿರುವ 40 ಅಡಿಯ ದೋಣಿಯಲ್ಲಿ ನೀರು ಎರಡು-ಮೂರು ದಿನ ಬಂದೀತು. ಡೀಸೆಲ್ ಸಾಮಾನ್ಯವಾಗಿ ವಾರವಿಡೀ ಸಾಕು. ದೋಣಿ ಮರಳಿಸುವ ಮುನ್ನ ಟ್ಯಾಂಕ್ ತುಂಬಿಸಿದರಾಯಿತು.

ನೀರಿನ ಟ್ಯಾಂಕುಗಳು ಹಿಡಿಯುವುದು ಸುಮಾರು 300ರಿಂದ 500 ಲೀಟರ್. ನಲ್ಲಿ ತಿರುಗಿಸಿದೊಡನೆ ಕೊಳವೆಯ ಒತ್ತಡ ಇಳಿದು ಪಂಪು ತಾನೇ ಓಡುತ್ತದೆ. ಮನೆಯ ನಲ್ಲಿಯಂತೆಯೇ ಧಾರಾಳವಾಗಿ ಬರುವುದರಿಂದ ಖರ್ಚು ಗೊತ್ತೇ ಆಗುವುದಿಲ್ಲ. ನಲ್ಲಿ ಮುಚ್ಚಿದ ಮೇಲೂ ಪಂಪು ನಿಲ್ಲದಿದ್ದರೆ ಟ್ಯಾಂಕ್ ಖಾಲಿಯಾಗಿ ಅದು ಗಾಳಿ ಎಳೆಯುತ್ತಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ತಕ್ಷಣ ಸ್ವಿಚ್ ಆರಿಸಿ. ನೀರಿಲ್ಲದೆ ಓಡುತ್ತಲೇ ಇದ್ದರೆ ಪಂಪು ಕೆಡಬಹುದು. ಟ್ಯಾಂಕ್ ಖಾಲಿಯಾಗಿದ್ದರೆ ವಾಲ್ವನ್ನು ಎರಡನೇ ಟ್ಯಾಂಕಿಗೆ ತಿರುಗಿಸಿ, ಪಂಪು ಹಾಕಿ, ನಲ್ಲಿ ತೆರೆದು ಗಾಳಿ ಹೋಗಲು ಬಿಡಿ. ಪಾತ್ರೆಯನ್ನು ಮೊದಲು ಸಮುದ್ರದ ನೀರಿನಲ್ಲಿ ತೊಳೆದು, ಕೊನೆಗಷ್ಟೇ ಸಿಹಿನೀರಿನಲ್ಲಿ ಜಾಲಿಸಿದರೆ ತುಂಬಾ ಉಳಿಯುತ್ತದೆ.

ಎಂಜಿನ್ ಗಂಟೆಗೆ ಸುಮಾರು 2ರಿಂದ 4 ಲೀಟರ್ ಡೀಸೆಲ್ ಕುಡಿಯುತ್ತದೆ. ಚಿಕ್ಕ ಬಂದರುಗಳಲ್ಲಿ ಬಂಕ್ ಇರದು, ಕರೆದರೆ ಟ್ಯಾಂಕರ್ ಲಾರಿ ದಕ್ಕೆಗೇ ಬರುತ್ತದೆ. ನಿಧಾನ ತುಂಬಿಸಿ, ಇಲ್ಲದಿದ್ದರೆ ಗಾಳಿಕೊಳವೆಯಿಂದ ಡೀಸೆಲ್ ಉಕ್ಕಿ ಸಮುದ್ರ ಸೇರುತ್ತದೆ. ಡೆಕ್ಕಿನ ಮೇಲೆ ನೀರಿನ ಮತ್ತು ಡೀಸೆಲಿನ ಮುಚ್ಚಳಗಳು ನೋಡಲು ಒಂದೇ ಥರ: ಮೇಲಿನ ಬರಹ ಓದಿಯೇ ತೆರೆಯಿರಿ, ಎರಡನ್ನೂ ಒಟ್ಟಿಗೆ ಎಂದೂ ತೆರೆಯಬೇಡಿ.